ಗಂಜ್‌ನಿಂದ ಐಟಿಗೆ: ಕಲಬುರಗಿಯಲ್ಲಿ ಕೂತೇ ಕೆಲಸ ಬದಲಿಸುವ ದಾರಿ

ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರೂ ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ (ರೈತರ ಮಾಲು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿ) ಲೆಕ್ಕ ನಾನು ಆರು ವರ್ಷ ಬರೆದೆ. ಓದಿದ್ದು ಬಿಕಾಂ. ಈಗ ಹೈದರಾಬಾದಿನ ಒಂದು ಸಣ್ಣ ಕಂಪನಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಊರಿಗೆ ಬಂದಾಗಲೆಲ್ಲ ಸೂಪರ್ ಮಾರ್ಕೆಟ್ ಹತ್ತಿರ ಯಾರಾದರೊಬ್ಬರು ಚಹಾ ಕುಡಿಸಿ ಕೇಳುತ್ತಾರೆ: "ಅಣ್ಣಾ, ನಾನೂ ಐಟಿಗೆ ಬರಬೇಕು. ಯಾವ ಕೋರ್ಸ್ ಮಾಡ್ಲಿ?" ಒಂದು ಚಹಾದಲ್ಲಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕೋರ್ಸ್ ಯಾವುದು ಅನ್ನೋದು ಆಮೇಲಿನ ಪ್ರಶ್ನೆ. ಈಗ ಮಾಡುತ್ತಿರುವ ಕೆಲಸದಲ್ಲಿ ನಿಮಗೆ ಏನೇನು ಗೊತ್ತಿದೆ ಅನ್ನೋದನ್ನು ಮೊದಲು ಕೇಳಿಕೊಳ್ಳಿ. ನನಗೆ ಇದು ಹೊಳೆದದ್ದು ತಡವಾಗಿ, ಅದೂ ದುಡ್ಡು ಕಳೆದುಕೊಂಡ ಮೇಲೆ. ಆ ಕಥೆ ಮುಂದೆ ಬರುತ್ತದೆ.

ಕೆಲಸ ಬಿಡಬೇಡಿ, ಸಂಬಳ ಬ್ಯಾಂಕಿಗೆ ಹಾಕಿಸಿಕೊಳ್ಳಿ

ಇದು ಇವತ್ತೇ ಮಾಡಬೇಕಾದ ಕೆಲಸ. ಗಂಜ್‌ನಲ್ಲಿ, ಬಟ್ಟೆ ಅಂಗಡಿಗಳಲ್ಲಿ, ಸಣ್ಣ ಶಾಲೆಗಳಲ್ಲಿ ಸಂಬಳ ಕೈಗೇ ಕೊಡುತ್ತಾರೆ. ನಾಳೆ ಐಟಿ ಕಂಪನಿಯವರು "ಆರು ವರ್ಷದ ಅನುಭವಕ್ಕೆ ಪುರಾವೆ ಏನು?" ಅಂದರೆ ತೋರಿಸಲು ಏನೂ ಇರೋದಿಲ್ಲ. ಪಿಎಫ್ ಇಲ್ಲ, ಸಂಬಳದ ಚೀಟಿ ಇಲ್ಲ. ಹಾಗಾಗಿ ಮಾಲೀಕರಿಗೆ ಈಗಲೇ ಹೇಳಿ: "ಮುಂದಿನ ತಿಂಗಳಿಂದ ಖಾತೆಗೆ ಹಾಕಿಬಿಡ್ರಿ." ಬಹಳ ಜನ ಒಪ್ಪುತ್ತಾರೆ. ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೂ ಸಾಕು, ಮಾತಿಗೆ ತೂಕ ಬರುತ್ತದೆ.

ಕೆಲಸ ಬಿಟ್ಟು ಪೂರ್ತಿ ಹೊತ್ತು ಓದುತ್ತೇನೆ ಅನ್ನುವವರನ್ನು ನಾನು ತಡೆಯುತ್ತೇನೆ. ಮೂರನೇ ತಿಂಗಳಿಗೆ ಕೈ ಬರಿದಾಗುತ್ತದೆ. ಆಗ ಸಿಕ್ಕ ಯಾವುದೋ ಕೆಲಸಕ್ಕೆ ಸೇರಿಬಿಡುತ್ತೀರಿ. ಮನೆ ಖರ್ಚಿಗೆ ಆರು ತಿಂಗಳ ದುಡ್ಡು ಕೂಡಿಡುವವರೆಗೆ ಆ ಯೋಚನೆ ಬೇಡ.

ಮನೆಯವರ ಮಾತೂ ಇದ್ದೇ ಇರುತ್ತದೆ: "371ಜೆ ಐತಲ್ಲ, ಸುಮ್ನೆ ಸರ್ಕಾರಿ ನೌಕರಿಗೆ ಓದು." ತಪ್ಪು ಮಾತೇನಲ್ಲ. ಸಂವಿಧಾನದ ಆ ವಿಧಿಯ ಪ್ರಕಾರ 2013ರಿಂದ ಕಲ್ಯಾಣ ಕರ್ನಾಟಕದ ನಮ್ಮ ಭಾಗದವರಿಗೆ ಸರ್ಕಾರಿ ನೇಮಕದಲ್ಲಿ ಮೀಸಲಾತಿ ಇದೆ. ಆದರೆ ಖಾಸಗಿ ಐಟಿ ಕಂಪನಿಗೆ ಆ ಪ್ರಮಾಣಪತ್ರದ ಲೆಕ್ಕ ಇಲ್ಲ. ಬೆಳಿಗ್ಗೆ ಕೆಎಎಸ್ ಪುಸ್ತಕ, ರಾತ್ರಿ ಪೈಥಾನ್ (ಕೋಡ್ ಬರೆಯುವ ಭಾಷೆ) ಅಂತ ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ನೋಡಿದ್ದೇನೆ. ಎರಡೂ ಕೈಗೆ ಹತ್ತಲಿಲ್ಲ. ಒಂದು ವರ್ಷಕ್ಕೆ ಒಂದನ್ನೇ ಹಿಡಿಯಿರಿ.

ನಿಮ್ಮ ಬಾಗಿಲು ಯಾವುದು?

ಐಟಿ ಅಂದರೆ ಕೋಡ್ ಬರೆಯೋದು ಮಾತ್ರ ಅಂತ ನಮ್ಮಲ್ಲಿ ಒಂದು ನಂಬಿಕೆ. ಹಾಗೇನಿಲ್ಲ. ಬರೆದ ಸಾಫ್ಟ್‌ವೇರ್ ಸರಿ ಇದೆಯಾ ಅಂತ ನೋಡುವವರು ಟೆಸ್ಟರ್. ಗ್ರಾಹಕರಿಗೆ ತೊಂದರೆ ಆದಾಗ ಸರಿಮಾಡಿಸುವವರು ಸಪೋರ್ಟ್. ರಾಶಿ ಮಾಹಿತಿಯಿಂದ ಲೆಕ್ಕ ತೆಗೆದು ತೋರಿಸುವವರು ಡೇಟಾ ಅನಲಿಸ್ಟ್. ಕಂಪನಿಯ ಲೆಕ್ಕ, ಗೋದಾಮು, ಸಂಬಳ ಎಲ್ಲವನ್ನೂ ಒಂದೇ ಸಾಫ್ಟ್‌ವೇರಿಗೆ ಹೊಂದಿಸಿ ಕೊಡುವವರು ಇಆರ್‌ಪಿ ಕೆಲಸದವರು.

ಟ್ಯಾಲಿ, ಜಿಎಸ್‌ಟಿ ಬಲ್ಲವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟಿಂಗ್ ಮತ್ತು ಇಆರ್‌ಪಿ ಹತ್ತಿರದ ಬಾಗಿಲು. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲಿ ಇರುವವರು ವೆಬ್‌ಸೈಟ್ ಮಾಡಲು ಕಲಿಯುವ ಬದಲು ಕಾರ್ಖಾನೆಯ ಯಂತ್ರ ನಡೆಸುವ, ಮೇಲ್ವಿಚಾರಣೆ ಮಾಡುವ ಪಿಎಲ್‌ಸಿ, ಸ್ಕಾಡಾ ಕಡೆ ನೋಡಲಿ. ಕಂಟ್ರೋಲ್ ರೂಮ್ ಕಂಡವರಿಗೆ ಅದು ಅರ್ಧ ಗೊತ್ತಿರುವ ವಿಷಯ. ಲ್ಯಾಬ್ ಟೆಕ್ನಿಷಿಯನ್, ನರ್ಸ್ ಆಗಿದ್ದವರಿಗೆ ಆಸ್ಪತ್ರೆ ಸಾಫ್ಟ್‌ವೇರ್ ಸಪೋರ್ಟ್ ಇದೆ, ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗೆ ಸಂಕೇತ ಸಂಖ್ಯೆ ಕೊಡೋದು) ಇದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟವರು ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಕಡೆ ಹೋಗಬಹುದು. ಗಣಿತದಲ್ಲಿ ನಿಜಕ್ಕೂ ಖುಷಿ ಇದ್ದು, ಒಂದೂವರೆ ಎರಡು ವರ್ಷ ತಾಳ್ಮೆ ಇರುವವರು ಡೆವಲಪರ್ ಆಗುವ ಪ್ರಯತ್ನ ಮಾಡಲಿ. ಅಲ್ಲಿ ಸ್ಪರ್ಧೆ ಜಾಸ್ತಿ. ಕ್ಯಾಂಪಸ್‌ನಿಂದ ತೆಗೆದುಕೊಳ್ಳುವ ದೊಡ್ಡ ಕಂಪನಿಗಳು ಪಾಸಾದ ವರ್ಷ, ಶೇಕಡಾ ಅಂಕ ಎಲ್ಲ ನೋಡುತ್ತವೆ. ಮೂವತ್ತರ ಹತ್ತಿರ ಬಂದವರಿಗೆ ಸಣ್ಣ, ಮಧ್ಯಮ ಕಂಪನಿಗಳೇ ಗತಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

25 ಕೆಜಿ ಚೀಲ ನನಗೆ ಕೆಲಸ ಕೊಡಿಸಿದ್ದು

ಹಳೇ ಕೆಲಸದ ತಿಳಿವಳಿಕೆ ಹೇಗೆ ಉಪಯೋಗಕ್ಕೆ ಬರುತ್ತದೆ ಅನ್ನೋದಕ್ಕೆ ನನ್ನ ಇಂಟರ್‌ವ್ಯೂನ ಒಂದು ಪ್ರಶ್ನೆ ಹೇಳುತ್ತೇನೆ. "ದಿನಸಿ ಮಾರುವ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ. ತೆರಿಗೆ ಸರಿಯಾಗಿ ಹಾಕುತ್ತಾ ಇಲ್ಲವಾ ಹೇಗೆ ನೋಡ್ತೀರಿ?" ಅಂದರು.

ನಮ್ಮ ಸಾವ್ಕಾರ್ರಿಗೆ ಒಂದು ದಾಲ್ ಮಿಲ್ ಕೂಡ ಇತ್ತು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ, ಅಕ್ಕಿಗೆ 5% ಜಿಎಸ್‌ಟಿ ಬಂತು. ಆದರೆ ಒಂದೇ ಚೀಲ 25 ಕೆಜಿ ದಾಟಿದರೆ ಆ ತೆರಿಗೆ ಇಲ್ಲ. 25 ಕೆಜಿ ಅಕ್ಕಿ ಚೀಲ ಇದ್ದಕ್ಕಿದ್ದಂತೆ 26 ಕೆಜಿ ಆದದ್ದು ನೆನಪಿದೆಯಾ? ಕಾರಣ ಇದೇ. ಆ ವಾರ ಪೂರ್ತಿ ನಾನು ಬಿಲ್ ತಿದ್ದಿ ತಿದ್ದಿ ಸಾಕಾಗಿದ್ದೆ.

ಹಾಗಾಗಿ ಉತ್ತರ ತಾನಾಗಿ ಬಂತು. 24.9 ಕೆಜಿ ಹಾಕಿ ನೋಡುತ್ತೇನೆ, ತೆರಿಗೆ ಬೀಳಬೇಕು. ಸರಿಯಾಗಿ 25 ಹಾಕುತ್ತೇನೆ, ಆಗಲೂ ಬೀಳಬೇಕು. 25.1 ಹಾಕಿದರೆ ಬೀಳಬಾರದು. ತಲಾ 10 ಕೆಜಿಯ ಮೂರು ಪ್ಯಾಕೆಟ್ ತಗೊಂಡರೆ ಒಟ್ಟು 30 ಆಗುತ್ತದೆ, ಆದರೂ ತೆರಿಗೆ ಬೀಳಬೇಕು. ಯಾಕಂದರೆ ನಿಯಮ ಇರೋದು ಒಂದೊಂದು ಪ್ಯಾಕಿಗೆ. ಆಮೇಲೆ ಜಿಎಸ್‌ಟಿ ನಂಬರ್. ಅದು 15 ಅಕ್ಷರ, ಮೊದಲ ಎರಡು ರಾಜ್ಯದ ಸಂಖ್ಯೆ. ಕರ್ನಾಟಕ 29, ಮಹಾರಾಷ್ಟ್ರ 27, ತೆಲಂಗಾಣ 36. ಬೀದರ್ ಪಾರ್ಟಿಗೆ ಮಾರಿದರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎರಡೂ ಕಾಣಬೇಕು. ಸೊಲ್ಲಾಪುರದ ಪಾರ್ಟಿಗಾದರೆ ಬೇರೆ ರಾಜ್ಯದ ಮಾರಾಟಕ್ಕೆ ಬೀಳುವ ಐಜಿಎಸ್‌ಟಿ ಒಂದೇ. 14 ಅಕ್ಷರ ಹಾಕಿದರೆ, 16 ಹಾಕಿದರೆ, ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಹಾಕಿದರೆ ಸಾಫ್ಟ್‌ವೇರ್ ಬೇಡ ಅನ್ನಬೇಕು.

ಇಂಟರ್‌ವ್ಯೂ ಮಾಡಿದವರು ಆ ಮೂರು ಪ್ಯಾಕೆಟ್ ಮಾತನ್ನು ಬರೆದುಕೊಂಡರು. ಗಡಿಯ ಆಚೆ ಈಚೆ ಹಾಕಿ ನೋಡುವುದಕ್ಕೆ ಟೆಸ್ಟಿಂಗ್‌ನಲ್ಲಿ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಅನ್ನುತ್ತಾರೆ. ಆ ಹೆಸರು ಪುಸ್ತಕದಲ್ಲಿ ಸಿಗುತ್ತದೆ. ಮೂರು ಪ್ಯಾಕೆಟ್ ಮಾತು ಗಂಜ್‌ನಲ್ಲಿ ಮಾತ್ರ ಸಿಗುತ್ತದೆ.

ನಿಮ್ಮ ಕೆಲಸದಲ್ಲೂ ಇಂಥದ್ದು ಇರಲೇಬೇಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಲ್ಲಿ ಲೆಕ್ಕ ತಪ್ಪುತ್ತದೆ, ಯಾವ ಫಾರ್ಮ್ ಎರಡೆರಡು ಸಲ ತುಂಬಬೇಕು, ಯಾವ ವಿನಾಯಿತಿ ಹೊಸಬರಿಗೆ ಗೊತ್ತಾಗೋದಿಲ್ಲ, ಒಂದು ತಿಂಗಳು ಬರೆಯಿರಿ.

ಸಾಮಾನು ಮತ್ತು ಹೊತ್ತು

ಲ್ಯಾಪ್‌ಟಾಪ್ ಬೇಕು. ಫೋನಿನಲ್ಲಿ ವಿಡಿಯೋ ನೋಡಬಹುದು, ಕಲಿಯೋಕೆ ಆಗೋದಿಲ್ಲ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸೆಕೆಂಡ್ ಹ್ಯಾಂಡ್ ಸಾಕು. ಡೆಸ್ಕ್‌ಟಾಪ್ ಬೇಡ, ಕರೆಂಟ್ ಹೋದರೆ ಕೂತ ಕೆಲಸವೂ ಹೋಗುತ್ತದೆ. ಬ್ಯಾಟರಿ ಎರಡು ತಾಸಾದರೂ ಬರುತ್ತಾ ಅಂತ ಅಂಗಡಿಯಲ್ಲೇ ನೋಡಿ.

ದಿನಕ್ಕೆ ಎರಡು ತಾಸು, ವಾರಕ್ಕೆ ಆರು ದಿನ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೂರಲ್ಲಿ ರಾತ್ರಿ ಹತ್ತಾದರೂ ಗೋಡೆ ಬಿಸಿ ಇರುತ್ತದೆ, ತಲೆ ಓಡೋದಿಲ್ಲ. ನಾನು ಬೆಳಿಗ್ಗೆ ಐದರಿಂದ ಏಳು ಇಟ್ಟುಕೊಂಡೆ. ಇನ್ನೊಂದು: ನಿಮ್ಮ ಕೆಲಸದ ಸೀಜನ್ ಲೆಕ್ಕಕ್ಕೆ ತಗೊಳ್ಳಿ. ಡಿಸೆಂಬರ್ ಜನವರಿಯಲ್ಲಿ ಹೊಸ ತೊಗರಿ ಗಂಜ್‌ಗೆ ಬಂದಾಗ ನಮಗೆ ಉಸಿರಾಡಲೂ ಬಿಡುವಿರಲಿಲ್ಲ. ಆ ಎರಡು ತಿಂಗಳು ಓದು ನಿಲ್ಲಿಸಿದೆ. ನಿಂತಿತಲ್ಲ ಅಂತ ಕೊರಗುವುದಕ್ಕಿಂತ ಮೊದಲೇ ರಜೆ ಅಂತ ಬರೆದುಕೊಳ್ಳೋದು ವಾಸಿ.

ಕಲಿಯುವ ಸಾಲು

ಇದು ಟೆಸ್ಟಿಂಗ್, ಡೇಟಾ ಕಡೆ ಹೋಗುವವರಿಗೆ. ಒಂಬತ್ತು ತಿಂಗಳ ಲೆಕ್ಕ.

ಮೊದಲ ಎರಡು ತಿಂಗಳು ಎಕ್ಸೆಲ್ ಮತ್ತು ಟೈಪಿಂಗ್. ನಗಬೇಡಿ. ಎಕ್ಸೆಲ್‌ನಲ್ಲಿ ಲೆಕ್ಕ ಗುಂಪು ಮಾಡುವ ಪಿವಟ್ ಟೇಬಲ್, ಬೇಕಾದದ್ದನ್ನು ಹುಡುಕಿ ತರುವ ಲುಕಪ್ ಸರಿಯಾಗಿ ಬರದೆ ಡೇಟಾ ಸೈನ್ಸ್ ಕೋರ್ಸಿಗೆ ಸೇರುವವರು ಬೇಕಾದಷ್ಟು ಜನ ಇದ್ದಾರೆ. ಕೀಬೋರ್ಡ್ ನೋಡದೆ ಇಂಗ್ಲಿಷ್ ಟೈಪ್ ಮಾಡುವುದನ್ನೂ ಆಗಲೇ ರೂಢಿ ಮಾಡಿಕೊಳ್ಳಿ.

ಮೂರು, ನಾಲ್ಕನೇ ತಿಂಗಳು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ. ಇದರ ಮೇಲೆ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಐಟಿಯ ಬಹಳಷ್ಟು ಬಾಗಿಲುಗಳಲ್ಲಿ ಇದು ಬೇಕಾಗುತ್ತದೆ.

ನಮ್ಮ ಅಂಗಡಿಗೆ ಮಾಲು ತರುವ ರೈತರಲ್ಲಿ ಶರಣಪ್ಪ ಅನ್ನುವವರೇ ಹನ್ನೊಂದು ಜನ. ಶರಣಬಸಪ್ಪ, ಬಸವಣಪ್ಪ ಬೇರೆ. ಮುನೀಮರಿಗೆ ಎಲ್ಲರೂ ಮುಖದ ಮೇಲೆ ಗೊತ್ತು: ಆಳಂದ ಶರಣಪ್ಪ, ಟ್ರ್ಯಾಕ್ಟರ್ ಶರಣಪ್ಪ, ಕನ್ನಡಕದ ಶರಣಪ್ಪ. ನನಗೆ ಗೊತ್ತಿರಲಿಲ್ಲ. ಒಂದು ಸಲ 38 ಸಾವಿರ ರೂಪಾಯಿ ಬೇರೆ ಶರಣಪ್ಪನ ಖಾತೆಗೆ ಹಾಕಿಬಿಟ್ಟೆ. ಅವರೇ ಫೋನ್ ಮಾಡಿ, "ತಮ್ಮಾ, ನಾ ಮಾಲೇ ತಂದಿಲ್ಲ, ರೊಕ್ಕ ಹ್ಯಾಂಗ್ ಬಂತು?" ಅಂದರು. ಪುಣ್ಯಾತ್ಮ, ಮರುದಿನವೇ ವಾಪಸ್ ಕೊಟ್ಟರು.

ಇದಕ್ಕೆ ಪರಿಹಾರ ಪ್ರೈಮರಿ ಕೀ. ಅಂದರೆ ಪ್ರತಿ ರೈತರಿಗೂ ಒಂದು ಸಂಖ್ಯೆ, ಇನ್ನೊಬ್ಬರಿಗೆ ಅದೇ ಸಂಖ್ಯೆ ಬರುವಂತಿಲ್ಲ. ರೈತರದ್ದು ಒಂದು ಟೇಬಲ್: ಸಂಖ್ಯೆ, ಹೆಸರು, ಊರು, ಫೋನ್. ಪಟ್ಟಿಯದ್ದು (ರೈತರ ಮಾಲು ಮಾರಿದ ಲೆಕ್ಕದ ಚೀಟಿ) ಇನ್ನೊಂದು ಟೇಬಲ್: ತಾರೀಖು, ರೈತರ ಸಂಖ್ಯೆ, ಕ್ವಿಂಟಾಲ್, ದರ, ಹಮಾಲಿ. ಪಟ್ಟಿಯಲ್ಲಿ ಹೆಸರು ಬರೆಯೋದೇ ಇಲ್ಲ, ಸಂಖ್ಯೆ ಮಾತ್ರ. ಹೆಸರು ಬೇಕಾದಾಗ ಎರಡು ಟೇಬಲ್ ಕೂಡಿಸುತ್ತೇವೆ, ಅದು ಜಾಯಿನ್. ಆಳಂದದವರು ಮಾತ್ರ ಬೇಕು ಅಂದರೆ ವೇರ್. ಈ ಸೀಜನ್‌ನಲ್ಲಿ ಯಾರು ಎಷ್ಟು ಕ್ವಿಂಟಾಲ್ ತಂದರು ಅಂದರೆ ಗ್ರೂಪ್ ಬೈ, ಸಮ್. ಇಷ್ಟನ್ನು ನಿಮ್ಮದೇ ಅಂಗಡಿಯ ರೋಜುಮೇಳ (ದಿನದ ಲೆಕ್ಕದ ಪುಸ್ತಕ) ಇಟ್ಟುಕೊಂಡು ಮಾಡಿದರೆ ಎರಡು ವಾರದಲ್ಲಿ ತಲೆಗೆ ಇಳಿಯುತ್ತದೆ. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಐದು, ಆರನೇ ತಿಂಗಳು ಟೆಸ್ಟಿಂಗ್: ಟೆಸ್ಟ್ ಕೇಸ್ ಬರೆಯೋದು, ಬಗ್ (ಸಾಫ್ಟ್‌ವೇರಿನ ತಪ್ಪು) ರಿಪೋರ್ಟ್ ಬರೆಯೋದು, ಬಗ್‌ಗಳ ಲೆಕ್ಕ ಇಡುವ ಜಿರಾ ಬಳಸೋದು, ಪೋಸ್ಟ್‌ಮ್ಯಾನ್‌ನಲ್ಲಿ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ನೋಡೋದು. ಉಳಿದ ಮೂರು ತಿಂಗಳಲ್ಲಿ ಸ್ವಲ್ಪ ಪೈಥಾನ್, ಟೆಸ್ಟ್ ತಾನಾಗಿ ಓಡಿಸುವ ಸೆಲೆನಿಯಂ, ಕೋಡಿನ ಬದಲಾವಣೆ ದಾಖಲಿಸುವ ಗಿಟ್. ಬೇಕಾದರೆ ಟೆಸ್ಟರ್‌ಗಳ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆ ಬರೆಯಿರಿ. 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸು. ಕಡ್ಡಾಯವೇನಲ್ಲ. ನಾನು ಕೆಲಸ ಸಿಕ್ಕ ಮೇಲೆ ಬರೆದೆ.

ಎಲ್ಲಿ ಕಲಿಯೋದು? ದುಡ್ಡಿಲ್ಲದೆ ಕಲಿಯಲು ಬೇಕಾದಷ್ಟಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಪಾಠಗಳಿವೆ, ಇಂಗ್ಲಿಷ್ ಅಂದರೆ ಹೆದರುವವರು ಅಲ್ಲಿಂದ ಶುರುಮಾಡಿ. ಫ್ರೀಕೋಡ್‌ಕ್ಯಾಂಪ್ ಇದೆ, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಇದೆ. ಎನ್‌ಪಿಟೆಲ್‌ನಲ್ಲಿ ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಿ. ಐದು ಕೋರ್ಸ್ ಅರ್ಧರ್ಧ ಮಾಡಿದವರ ಗುಂಪಿನಲ್ಲಿ ನಾನೂ ಇದ್ದೆ.

ಎಐ ಬಂದಿದೆ, ಇನ್ನು ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ. ಹೊಸಬರ ಕೆಲಸಕ್ಕೆ ಅದರಿಂದ ಬಿಸಿ ತಟ್ಟುತ್ತಿರೋದು ನಿಜ. ನಾನು ಅದನ್ನು ಮೇಷ್ಟ್ರ ಹಾಗೆ ಬಳಸುತ್ತೇನೆ. ಎರರ್ ಬಂದರೆ ಅಂಟಿಸಿ, "ಕನ್ನಡದಲ್ಲಿ ಬಿಡಿಸಿ ಹೇಳು" ಅನ್ನುತ್ತೇನೆ. ಹೇಳಿದ್ದನ್ನು ನನ್ನ ಕೈಯಿಂದಲೇ ಟೈಪ್ ಮಾಡಿ, ಓಡಿಸಿ ನೋಡುತ್ತೇನೆ. ಅಂಟಿಸಿದ ಕೋಡ್ ಇಂಟರ್‌ವ್ಯೂನಲ್ಲಿ ಕೈ ಕೊಡುತ್ತದೆ.

ನಾನು ದುಡ್ಡು ಕಳೆದುಕೊಂಡ ಕಥೆ

ಹೈದರಾಬಾದಿನ ಅಮೀರ್‌ಪೇಟೆ ಗೊತ್ತಲ್ವಾ? ಗಲ್ಲಿ ಗಲ್ಲಿಯಲ್ಲಿ ಸಾಫ್ಟ್‌ವೇರ್ ಕೋಚಿಂಗ್. ಒಳ್ಳೆಯವರೂ ಇದ್ದಾರೆ. ನನಗೆ ಸಿಕ್ಕವರು "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂತ ಬೋರ್ಡ್ ಹಾಕಿದ್ದರು. 45 ಸಾವಿರ ಕಟ್ಟಿದೆ, ಅದರಲ್ಲಿ 20 ಸಾವಿರ ಅಕ್ಕನ ಹತ್ತಿರ ತಂದದ್ದು. ಎರಡು ತಿಂಗಳಾದ ಮೇಲೆ ಅವರೇ ಒಂದು ರೆಸ್ಯೂಮೆ ಮಾಡಿ ಕೊಟ್ಟರು. ಅದರಲ್ಲಿ ನಾನು ಮೂರು ವರ್ಷದಿಂದ ಯಾವುದೋ ಕಂಪನಿಯಲ್ಲಿ ಟೆಸ್ಟರ್! ಗಂಜ್ ಹೆಸರೇ ಇಲ್ಲ. "ಎಲ್ಲರೂ ಹೀಗೇ ಮಾಡೋದು" ಅಂದರು. ನಾನು ಒಲ್ಲೆ ಅಂದೆ. ದುಡ್ಡು ವಾಪಸ್ ಬರಲಿಲ್ಲ.

ನೀತಿಯ ಮಾತು ಪಕ್ಕಕ್ಕಿಡಿ, ಲೆಕ್ಕದ ಮಾತೇ ಹೇಳುತ್ತೇನೆ. ಕಂಪನಿಗಳು ಸೇರುವಾಗಲೋ ಸೇರಿದ ಮೇಲೋ ಹಿನ್ನೆಲೆ ತಪಾಸಣೆ ಮಾಡಿಸುತ್ತವೆ. ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಕೇಳುತ್ತಾರೆ. ಯಾವ ಕಂಪನಿ ಯಾವ ತಿಂಗಳಿಂದ ಪಿಎಫ್ ಕಟ್ಟಿದೆ ಅನ್ನೋದು ಅಲ್ಲಿ ಕಾಣುತ್ತದೆ. ಸುಳ್ಳು ಸಿಕ್ಕಿಬಿದ್ದರೆ ಆ ಕೆಲಸ ಹೋಗುತ್ತದೆ, ಹೆಸರೂ ಕೆಡುತ್ತದೆ.

ಕೋಚಿಂಗ್ ಬೇಕೇ ಬೇಕು ಅನ್ನಿಸಿದರೆ ಮೂರು ಕೆಲಸ ಮಾಡಿ. ಒಂದು ದಿನ ಸುಮ್ನೆ ಕ್ಲಾಸಿನಲ್ಲಿ ಕೂರಲು ಕೇಳಿ. ಫೀಸು ಕಂತಿನಲ್ಲಿ ಕಟ್ಟಿ. ಹೋದ ವರ್ಷ ಕಲಿತವರಲ್ಲಿ ಇಬ್ಬರ ಜೊತೆ, ಮೇಷ್ಟ್ರು ಇಲ್ಲದಾಗ ಮಾತಾಡಿ. ಕೆಲಸ ಕೊಡಿಸ್ತೀವಿ, ಡಿಪಾಸಿಟ್ ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತೋರಿಸಲು ಒಂದು ಕೆಲಸ

ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತದೆ. ನಾನು ತೋರಿಸಿದ್ದು ಎರಡು: ಮೇಲೆ ಹೇಳಿದ ರೈತರ ಪಟ್ಟಿಯ ಡೇಟಾಬೇಸ್, ಮತ್ತು ಉಚಿತವಾಗಿ ಸಿಗುವ ಒಂದು ಬಿಲ್ಲಿಂಗ್ ಆ್ಯಪ್‌ಗೆ ಬರೆದ 60 ಟೆಸ್ಟ್ ಕೇಸ್, ಅದರಲ್ಲಿ ಸಿಕ್ಕ ನಾಲ್ಕು ಬಗ್. ಎರಡನ್ನೂ ಎಲ್ಲರಿಗೂ ಕಾಣುವಂತೆ ಗಿಟ್‌ಹಬ್ ಜಾಲತಾಣದಲ್ಲಿ ಹಾಕಿದೆ. ಒಂದು ಎಚ್ಚರ: ಸಾವ್ಕಾರ್ರ ನಿಜವಾದ ಲೆಕ್ಕ, ರೈತರ ಫೋನ್ ನಂಬರ್ ಹಾಕಬೇಡಿ. ಹೆಸರು, ಸಂಖ್ಯೆ, ಊರು ಎಲ್ಲ ಬದಲಿಸಿ.

ಇಂಗ್ಲಿಷ್

ಕನ್ನಡ ಮಾಧ್ಯಮದವನು ನಾನು. ಇಂಗ್ಲಿಷ್ ಭಾಷಣ ಮಾಡೋದು ಯಾರಿಗೂ ಬೇಕಿಲ್ಲ. ಬೇಕಾದದ್ದು ಇಷ್ಟು: ಏನು ಮಾಡಿದೆ, ಏನು ಆಗಬೇಕಿತ್ತು, ಏನಾಯಿತು. ಬಗ್ ರಿಪೋರ್ಟ್ ಅಂದರೆ ಇದೇ ಮೂರು ವಾಕ್ಯ. ದಿನಕ್ಕೊಂದು ಬರೆಯಿರಿ. ನಿಮ್ಮ ಪರಿಚಯವನ್ನು ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳಿದಾಗ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ, ಇಪ್ಪತ್ತನೇ ಸಲಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. ನಮಗೆ ಇನ್ನೊಂದು ಅನುಕೂಲ ಇದೆ. ಕಲಬುರಗಿ, ಬೀದರ್‌ನವರಿಗೆ ದಖನಿ ಉರ್ದು, ಹಿಂದಿ ಬರುತ್ತದೆ. ಹೈದರಾಬಾದಿನಲ್ಲಿ ಮೊದಲ ದಿನವೇ ನಾಲ್ಕು ಜನ ಗೆಳೆಯರಾಗುತ್ತಾರೆ. ಊರೂ ಹತ್ತಿರ.

ಅರ್ಜಿ, ಇಂಟರ್‌ವ್ಯೂ, ಸಂಬಳ

ರೆಸ್ಯೂಮೆ ಒಂದೇ ಪುಟ. ಹಳೇ ಕೆಲಸ ಮುಚ್ಚಿಡಬೇಡಿ, ಅದನ್ನೇ ಮೇಲೆ ಹಾಕಿ. "ಆರು ವರ್ಷ ಅಡತ್ ಅಂಗಡಿ ಮತ್ತು ದಾಲ್ ಮಿಲ್‌ನ ಜಿಎಸ್‌ಟಿ ಬಿಲ್ಲಿಂಗ್" ಅನ್ನೋದು ನನ್ನ ಮೊದಲ ಸಾಲು. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಹಾಕಿದೆ. ಆದರೆ ಕೆಲಸ ಸಿಕ್ಕಿದ್ದು ಬಿಲ್ಲಿಂಗ್, ಇಆರ್‌ಪಿ ಸಾಫ್ಟ್‌ವೇರ್ ಮಾಡುವ ಕಂಪನಿಗಳ ಪಟ್ಟಿ ಮಾಡಿ ನೇರವಾಗಿ ಇಮೇಲ್ ಬರೆದದ್ದರಿಂದ. ಐದು ತಿಂಗಳು ಹಿಡಿಯಿತು. ಬಹಳ ಕಡೆಯಿಂದ ಉತ್ತರವೇ ಬರಲಿಲ್ಲ.

"ಈ ವಯಸ್ಸಿನಲ್ಲಿ ಯಾಕೆ ಬದಲಾವಣೆ?" ಅಂತ ಕೇಳಿಯೇ ಕೇಳುತ್ತಾರೆ. ಹಳೇ ಕೆಲಸವನ್ನು ಬೈಯಬೇಡಿ. ನಾನು ಶರಣಪ್ಪನ ಕಥೆ ಹೇಳಿದೆ.

ಸಂಬಳದ ಲೆಕ್ಕ ಸರಿಯಾಗಿ ಕೇಳಿ. ಸಿಟಿಸಿ ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ಕೈಗೆ ಬರುವ ದುಡ್ಡಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಅದರೊಳಗೇ ಸೇರಿಸಿರುತ್ತಾರೆ. ನಿಮ್ಮ ಪಾಲಿನ ಪಿಎಫ್ ಬೇರೆ ಕಟ್ ಆಗುತ್ತದೆ. ಗಂಜ್‌ನಲ್ಲಿ ನನಗೆ 22 ಸಾವಿರ ಇತ್ತು. ಹೊಸ ಕೆಲಸದಲ್ಲಿ ಕೈಗೆ 24 ಸಾವಿರ. ಪಿಜಿ, ಊಟ, ಓಡಾಟ ಕಳೆದರೆ ಮನೆಗೆ ಕಳಿಸುವುದು ಮೊದಲಿಗಿಂತ ಕಡಿಮೆ ಆಯಿತು. ಒಂದೂವರೆ ವರ್ಷ ಹಾಗೇ ಇತ್ತು. ಇದನ್ನು ಮನೆಯಲ್ಲಿ ಮೊದಲೇ ಹೇಳಿಡಿ, ಇಲ್ಲಾಂದ್ರೆ "ಐಟಿ ಅಂದಿ, ರೊಕ್ಕ ಎಲ್ಲಿ?" ಅನ್ನುವ ಪ್ರಶ್ನೆ ಪ್ರತಿ ಹಬ್ಬಕ್ಕೂ ಬರುತ್ತದೆ. ಸಹಿ ಹಾಕುವ ಮೊದಲು ಬಾಂಡ್ ಇದೆಯಾ, ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು, ನೋಟಿಸ್ ಎಷ್ಟು ದಿನ, ಇದೆಲ್ಲ ಓದಿ.

ಕೊನೆಗೆ, ಬಿಡುವ ಕಾಗದ

ಆಫರ್ ಲೆಟರ್ ಕೈಗೆ ಬಂದ ಮೇಲೆಯೇ ಮಾಲೀಕರಿಗೆ ಹೇಳಿ. ಅಂಗಡಿಯ ಲೆಟರ್‌ಹೆಡ್ ಮೇಲೆ ಅನುಭವ ಪತ್ರ ಬೇಕು: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕೆಲಸ, ಅಂಗಡಿಯ ಜಿಎಸ್‌ಟಿ ನಂಬರ್, ಮಾಲೀಕರ ಸಹಿ, ಸೀಲು, ಫೋನ್ ನಂಬರ್. ಕಂಪನಿಯವರು ಫೋನ್ ಮಾಡಿ ಕೇಳಬಹುದು ಅಂತ ಮೊದಲೇ ತಿಳಿಸಿರಿ. ನಮ್ಮ ಅಂಗಡಿಯಲ್ಲಿ ಇಂಥ ಪತ್ರ ಯಾರೂ ಯಾವತ್ತೂ ಕೇಳಿರಲಿಲ್ಲ. ನಾನೇ ಟೈಪ್ ಮಾಡಿಕೊಂಡು ಹೋದೆ. ಮುನೀಮರು ತಾರೀಖನ್ನು ರೋಜುಮೇಳದ ಜೊತೆ ತಾಳೆ ನೋಡಿದರು. ಸಾವ್ಕಾರ್ರು ಎರಡು ಸಲ ಓದಿ, ಸಹಿ ಮಾಡಿ, ಸೀಲ್ ಒತ್ತಿ, "ತೊಗರಿ ಸೀಜನ್‌ಗೆ ಎರಡು ದಿನ ಬಂದು ಹೋಗು ತಮ್ಮಾ, ಹೊಸ ಹುಡುಗನಿಗೆ ಶರಣಪ್ಪಗೋಳು ಯಾರ್ ಯಾರಂತ ತೋರಿಸಿಕೊಡು" ಅಂದರು. ಆ ಜನವರಿಯಲ್ಲಿ ರಜೆ ಹಾಕಿ ಹೋಗಿದ್ದೆ.